ನಾಟಿಯಿಂದ ಮಂಡಿಯ ಚೀಟಿಯವರೆಗೆ: ಬೆಳೆಯ ವೃತ್ತಾಂತವನ್ನು ರೈತನೇ ಹೇಳುವ ಕ್ರಮ

2023ರ ಜುಲೈ ತಿಂಗಳಿನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ತೂಕದ ಟೊಮೆಟೊ ಬಾಕ್ಸೊಂದು 2,000 ರೂಪಾಯಿಗಳನ್ನು ದಾಟಿ ಹರಾಜಾದಾಗ, ಆ ವಾರ್ತೆಯು ಪತ್ರಿಕೆಗಳ ಮುಖಪುಟವನ್ನೂ ವಾಹಿನಿಗಳನ್ನೂ ಜನರ ಕೈಯ ಮೊಬೈಲುಗಳನ್ನೂ ಏಕಕಾಲಕ್ಕೆ ಆಕ್ರಮಿಸಿತು. ಟೊಮೆಟೊ ಬೆಳೆದವನು ಕೋಟ್ಯಧೀಶನಾದನೆಂಬ ಮಾತು ಊರೂರು ತಿರುಗಿತು. ಆದರೆ ಮುಂದೆರಡು ತಿಂಗಳು ಕಳೆಯುವಷ್ಟರಲ್ಲಿ ಬೆಲೆಯು ನೆಲ ಕಚ್ಚಿ, ಕೊಯ್ಲಿನ ಕೂಲಿಯೂ ಹುಟ್ಟದೆಂದು ಬೆಳೆಗಾರರು ಮರುಗಿದ ಸಂಗತಿಗೆ ಆ ಪ್ರಮಾಣದ ಪ್ರಚಾರವು ದೊರೆಯಲಿಲ್ಲ. ಈ ಎರಡು ಸ್ಥಿತಿಗಳ ನಡುವೆ ಹೊಲದಲ್ಲಿ ನಡೆದುದೇನು, ಎಷ್ಟು ಸಾಲ ಬಂದಿತು, ಎಷ್ಟು ನೀರು ಹರಿಯಿತು, ಎಷ್ಟು ಗಿಡಗಳು ರೋಗಕ್ಕೆ ಆಹುತಿಯಾದವು ಎಂಬುದನ್ನು ಸಾಕ್ಷಿಯಾಗಿ ನಿಂತು ಹೇಳಬಲ್ಲವನು ಬೆಳೆದವನೊಬ್ಬನೇ.

ಹಾಗೆ ಹೇಳುವ ಸಾಧನವು ಅವನ ಕೈಯಲ್ಲಿರಲಿಲ್ಲವೆಂಬುದು ಹಳೆಯ ಕೊರತೆ. 1967ರ ಜನವರಿ 26ರಂದು ದೂರದರ್ಶನದಲ್ಲಿ ‘ಕೃಷಿ ದರ್ಶನ’ವು ಪ್ರಾರಂಭವಾದಂದಿನಿಂದ ಬಹುಕಾಲದವರೆಗೆ ತಜ್ಞನು ನುಡಿಯುವುದೂ ರೈತನು ಕುಳಿತು ಕೇಳುವುದೂ ರೂಢಿಯಾಗಿತ್ತು. 1988ರಲ್ಲಿ ಪುತ್ತೂರಿನಿಂದ ಹೊರಡತೊಡಗಿದ ‘ಅಡಿಕೆ ಪತ್ರಿಕೆ’ಯು, ಅದರ ಸಂಪಾದಕರಾದ ಶ್ರೀಪಡ್ರೆಯವರ ಮುತುವರ್ಜಿಯಲ್ಲಿ, ಕೃಷಿಕರ ಕೈಗೇ ಲೇಖನಿಯನ್ನಿತ್ತು ಈ ರೂಢಿಯನ್ನು ತಲೆಕೆಳಗು ಮಾಡಿತು. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯದಲ್ಲಿ ಮೊಳೆತ ‘ಡಿಜಿಟಲ್ ಗ್ರೀನ್’ ಯೋಜನೆಯವರು ಹಳ್ಳಿಯ ರೈತರನ್ನೇ ವೀಡಿಯೊದಲ್ಲಿ ಮಾತನಾಡಿಸಿ ಇತರ ರೈತರಿಗೆ ತೋರಿಸಿದಾಗ, ನೋಡಿದವರು ಕೇಳುತ್ತಿದ್ದುದು, ಈತನು ಯಾರು, ಯಾವ ಊರಿನವನು ಎಂಬ ಪ್ರಶ್ನೆಯನ್ನೇ. ನಂಬಿಕೆಯ ಮೂಲವು ಎಲ್ಲಿದೆಯೆಂಬುದನ್ನು ಆ ಪ್ರಶ್ನೆಯೇ ತೋರಿಸಿಕೊಟ್ಟಿತು. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನಿನ ದೆಸೆಯಿಂದ ಈರುಳ್ಳಿಯು ಮಾರಾಟವಾಗದೆ ಕಂಗೆಟ್ಟ ಚಿತ್ರದುರ್ಗ ಜಿಲ್ಲೆಯ ರೈತಮಹಿಳೆಯೊಬ್ಬರು ತಮ್ಮ ಸಂಕಟವನ್ನು ತಮ್ಮ ಮಾತಿನಲ್ಲಿಯೇ ಹೇಳಿಕೊಂಡ ವೀಡಿಯೊ ಮುಖ್ಯಮಂತ್ರಿಗಳವರೆಗೆ ಮುಟ್ಟಿತು. ಮರುವರ್ಷ ಬಾಳೆಕಾಯಿಗೆ ಬೆಲೆಯಿಲ್ಲದಾದಾಗ ಕರಾವಳಿ ಮಲೆನಾಡುಗಳ ಕೃಷಿ ಕುಟುಂಬಗಳು ಬಾಳೆಕಾಯಿ ಹುಡಿ ಮಾಡುವ ವಿಧಾನವನ್ನು ವಾಟ್ಸ್‌ಆ್ಯಪ್ ಗುಂಪಿನ ಮೂಲಕ ಪರಸ್ಪರ ಕಲಿತು ಕಲಿಸಿ, ಅದಕ್ಕೆ ‘ಬಾಕಾಹು’ ಎಂದು ಹೆಸರಿಟ್ಟು, ಪ್ರಧಾನಿಯವರ ‘ಮನ್ ಕೀ ಬಾತ್’ನಲ್ಲಿಯೂ ಅದು ಪ್ರಸ್ತಾಪವಾಗುವಷ್ಟು ಪ್ರಸಿದ್ಧಿಗೆ ತಂದವು.

ಆದುದರಿಂದ ಸಾಧನದ ಕೊರತೆಯು ಇಂದಿಲ್ಲ, ಕೊರತೆಯಿರುವುದು ಕ್ರಮದಲ್ಲಿ. ಬೆಲೆ ಬಿದ್ದ ದಿನ ರಸ್ತೆಗೆ ಸುರಿದ ರಾಶಿಯ ಚಿತ್ರ, ಬೆಲೆ ಏರಿದ ದಿನ ನೋಟಿನ ಕಟ್ಟಿನ ಚಿತ್ರ, ಇವೆರಡನ್ನೇ ನೋಡಿ ನೋಡಿ ಪಟ್ಟಣದ ಗ್ರಾಹಕನು ಕೃಷಿಯನ್ನು ಒಂದು ಜೂಜೆಂದೋ ಒಂದು ಗೋಳೆಂದೋ ಭಾವಿಸುತ್ತಾನೆ. ಒಂದು ದಿನದ ದೃಶ್ಯವು ಸುಳ್ಳಲ್ಲದಿದ್ದರೂ ಸತ್ಯವನ್ನು ಹೊರಲಾರದು. ಬೇಸಾಯದ ಸತ್ಯವನ್ನು ಅಳೆಯತಕ್ಕ ಮಾನವು ಒಂದು ಬೆಳೆಯ ಪೂರ್ಣಾವಧಿಯೇ ಹೊರತು ಒಂದು ದಿನವಲ್ಲ. ಈ ತತ್ತ್ವವನ್ನು ಆಧಾರವಾಗಿಟ್ಟುಕೊಂಡು, ಕೋಲಾರದ ಕಡೆಯ ಟೊಮೆಟೊವನ್ನೇ ನಿದರ್ಶನವಾಗಿ ಹಿಡಿದು, ಅನುಸರಿಸಬಹುದಾದ ಕ್ರಮವನ್ನು ಇಲ್ಲಿ ನಿರೂಪಿಸಲಾಗಿದೆ. ರಾಗಿ ಬೆಳೆಯುವವರೂ ಹೈನುಗಾರರೂ ಇದನ್ನು ತಮ್ಮ ತಮ್ಮ ಕಾಯಕಕ್ಕೆ ಹೊಂದಿಸಿಕೊಳ್ಳಬಹುದು.

ಮೊದಲ ಹೆಜ್ಜೆ: ಒಂದು ಬೆಳೆ, ಒಬ್ಬ ಕೇಳುಗ

ಇರುವ ಎಲ್ಲ ಬೆಳೆಗಳನ್ನೂ ಒಮ್ಮೆಗೇ ತೋರಿಸಹೊರಡುವುದು ತರವಲ್ಲ. ಈ ಹಂಗಾಮಿಗೆ ಒಂದು ಬೆಳೆಯನ್ನು, ಸಾಧ್ಯವಾದರೆ ಒಂದೇ ತಾಕನ್ನು, ಆರಿಸಿಕೊಳ್ಳಿರಿ. ಬಳಿಕ ಯಾರಿಗೆ ಹೇಳುತ್ತಿದ್ದೇವೆಂಬುದನ್ನು ನಿಶ್ಚಯಿಸಿರಿ. ಜೊತೆಯ ರೈತರಿಗೆ ಹೇಳುವುದಾದರೆ ‘ಮಲ್ಚಿಂಗ್ ಪೇಪರ್ ಹಾಸಿದೆವು’ ಎಂದರೆ ಸಾಕು. ಬೆಂಗಳೂರಿನ ಗೃಹಿಣಿಗೆ ಹೇಳುವುದಾದರೆ ಆ ಹಾಳೆಯು ಕಳೆಯನ್ನು ಹೇಗೆ ತಡೆಯುತ್ತದೆ, ತೇವವನ್ನು ಹೇಗೆ ಕಾಯುತ್ತದೆ, ಬೆಳೆ ಮುಗಿದ ಮೇಲೆ ಅದನ್ನು ಏನು ಮಾಡುತ್ತೀರಿ ಎಂಬುದೆಲ್ಲವನ್ನೂ ಬಿಡಿಸಿ ಹೇಳಬೇಕಾಗುತ್ತದೆ. ಕೊನೆಯ ಪ್ರಶ್ನೆಗೆ ನಮ್ಮಲ್ಲಿ ಅನೇಕರ ಉತ್ತರವು ಅಷ್ಟೇನೂ ಶೋಭಿಸುವಂತಿಲ್ಲವೆಂಬುದು ಬೇರೆ ಮಾತು.

ಕೇಳುಗನು ಯಾರೆಂಬುದು ಸ್ಪಷ್ಟವಾದರೆ ತಾಣದ ಆಯ್ಕೆಯು ಸುಲಭ. ಹುಡುಕಿದವರಿಗೆ ಹಲವು ವರ್ಷಗಳವರೆಗೆ ಸಿಗತಕ್ಕ ದೀರ್ಘ ವಿವರಣೆಗೆ ಯೂಟ್ಯೂಬ್, ಅರ್ಧ ಮುಕ್ಕಾಲು ನಿಮಿಷದ ದೃಶ್ಯಕ್ಕೆ ಇನ್‌ಸ್ಟಾಗ್ರಾಮ್ ಅಥವಾ ಫೇಸ್‌ಬುಕ್, ನಿತ್ಯದ ಕೊಳ್ಳುಗರೊಡನೆ ಮಾತಿಗೆ ವಾಟ್ಸ್‌ಆ್ಯಪ್ ಗುಂಪು. ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲಿ ಹಾಕಿದುದು 24 ಗಂಟೆಗಳಲ್ಲಿ ಮಾಯವಾಗುವುದರಿಂದ, ಉಳಿಯಬೇಕಾದುದನ್ನು ಅಲ್ಲಿ ಮಾತ್ರ ಹಾಕಿ ಸುಮ್ಮನಾಗಬಾರದು.

ಎರಡನೆಯ ಹೆಜ್ಜೆ: ಕ್ಯಾಮೆರಾಕ್ಕೆ ಮುನ್ನ ಪುಸ್ತಕ

ಇದು ಬಹುಮಂದಿ ಬಿಟ್ಟುಬಿಡುವ ಹೆಜ್ಜೆ; ನನ್ನ ಅಭಿಪ್ರಾಯದಲ್ಲಿ ಉಳಿದೆಲ್ಲಕ್ಕಿಂತ ಇದೇ ಮುಖ್ಯವಾದುದು. ಎರಡು ನೂರು ಪುಟದ ನೋಟುಬುಕ್ಕೊಂದನ್ನು ಕೊಂಡು, ತಾಕಿನ ವಿಸ್ತೀರ್ಣವನ್ನು ಗುಂಟೆಗಳಲ್ಲಿ ಬರೆದು, ಅಂದಂದಿನ ಕೆಲಸವನ್ನೂ ಖರ್ಚನ್ನೂ ಅಂದಂದೇ ದಾಖಲಿಸತಕ್ಕದ್ದು. ನರ್ಸರಿಯಿಂದ ತಂದ ಸಸಿ, ಕೊಟ್ಟಿಗೆ ಗೊಬ್ಬರ, ರಸಗೊಬ್ಬರ, ಡ್ರಿಪ್ ಪೈಪು, ನೀಲಗಿರಿ ಕಂಬ, ಕಟ್ಟುವ ದಾರ, ಔಷಧಿ, ಕೂಲಿ, ಲಗೇಜು ಗಾಡಿಯ ಬಾಡಿಗೆ, ಮಂಡಿಯಲ್ಲಿ ಕಡಿತವಾದುದೇನಾದರೂ ಇದ್ದರೆ ಅದು, ಹೀಗೆ ಒಂದೊಂದಕ್ಕೂ ಒಂದೊಂದು ಸಾಲು ಇರಲಿ. ಕಂಬ ಮತ್ತು ಪೈಪುಗಳು ಹಲವು ಬೆಳೆಗಳಿಗೆ ಬರುವುದರಿಂದ ಅವುಗಳ ಬೆಲೆಯನ್ನು ಒಂದೇ ಬೆಳೆಯ ತಲೆಗೆ ಕಟ್ಟದೆ ಹಂಚಿ ಬರೆಯುವುದು ನ್ಯಾಯ. ಅದೇ ನ್ಯಾಯದಿಂದ, ಮನೆಯವರು ದುಡಿದ ದಿನಗಳನ್ನೂ, ವಿಶೇಷವಾಗಿ ಹೆಂಗಸರ ದುಡಿಮೆಯನ್ನು, ಊರಿನ ಕೂಲಿಯ ದರದಲ್ಲಿ ಬರೆಯಬೇಕು. ಆ ಅಂಕಣವು ಖಾಲಿಯಿದ್ದ ಲೆಕ್ಕದಲ್ಲಿ ಲಾಭವೆಂದು ಕಾಣುವುದರ ಬಹುಭಾಗವು ಅವರ ಬೆವರೇ ಆಗಿರುತ್ತದೆ.

ಈ ಪುಸ್ತಕವಿದ್ದವನ ವೀಡಿಯೊಕ್ಕೆ ಬರುವ ಗಟ್ಟಿತನವು, ಇಲ್ಲದವನ ವೀಡಿಯೊಕ್ಕೆ ಅವನು ಎಷ್ಟೇ ಕಣ್ಣೀರು ಸುರಿಸಿದರೂ ಬರಲಾರದು. ‘ಈ ಇಪ್ಪತ್ತು ಗುಂಟೆಗೆ ಇಂದಿನವರೆಗೆ ಇಷ್ಟು ಹಣ ಹಾಕಿದ್ದೇನೆ’ ಎಂದು ಪುಟವನ್ನೇ ತೆರೆದು ತೋರಿಸುವವನೊಡನೆ ವಾದಿಸುವುದು ಕಷ್ಟ.

ಮೂರನೆಯ ಹೆಜ್ಜೆ: ಚಿತ್ರೀಕರಣ

ಬೆಲೆಬಾಳುವ ಯಂತ್ರಗಳ ಅಗತ್ಯವಿಲ್ಲ. ಮನೆಯಲ್ಲಿರುವ ಮೊಬೈಲೇ ಸಾಕು. ಬೆವರು ಮಣ್ಣುಗಳಿಂದ ಮಸುಕಾದ ಅದರ ಕಣ್ಣನ್ನು ಮೆತ್ತನೆಯ ಹತ್ತಿಬಟ್ಟೆಯಿಂದ ಒರೆಸಿಕೊಳ್ಳಿರಿ. ಸೂರ್ಯೋದಯದ ಮೊದಲೆರಡು ಗಂಟೆಗಳೂ ಸೂರ್ಯಾಸ್ತದ ಹಿಂದಿನ ಹೊತ್ತೂ ಪ್ರಶಸ್ತ. ನಡುಹಗಲಿನಲ್ಲಿ ಮುಖದ ಮೇಲೆ ಕಪ್ಪು ನೆರಳು ಬೀಳುತ್ತದೆ. ಚಿತ್ರಿಸುವವನ ಬೆನ್ನಿಗೆ ಬಿಸಿಲಿರಬೇಕು. ಯೂಟ್ಯೂಬಿನ ದೀರ್ಘ ವೀಡಿಯೊಕ್ಕೆ ಮೊಬೈಲನ್ನು ಅಡ್ಡಲಾಗಿಯೂ, ಚಿಕ್ಕ ತುಣುಕುಗಳಿಗೆ ಉದ್ದವಾಗಿಯೂ ಹಿಡಿಯುವುದು ರೂಢಿ.

ಚಿತ್ರವು ಕೊಂಚ ಅಲುಗಾಡಿದರೂ ಜನರು ಸಹಿಸಿಕೊಳ್ಳುತ್ತಾರೆ, ಮಾತು ಕೇಳಿಸದಿದ್ದರೆ ಸಹಿಸುವುದಿಲ್ಲ. ಬಯಲುಸೀಮೆಯ ಗಾಳಿಯು ಧ್ವನಿಯನ್ನು ನುಂಗಿಬಿಡುವುದರಿಂದ, ಗಾಳಿಗೆ ಬೆನ್ನು ಮಾಡಿ, ಮೊಬೈಲಿನಿಂದ ಒಂದು ಮಾರಿನೊಳಗೆ ನಿಂತು ಮಾತನಾಡಿರಿ. ಅಂಗಿಗೆ ಸಿಕ್ಕಿಸುವ ಸಣ್ಣ ಮೈಕೊಂದನ್ನು ಕೊಳ್ಳುವ ಅನುಕೂಲವಿದ್ದರೆ ಮೊದಲ ಖರ್ಚು ಅದಕ್ಕೇ ಇರಲಿ. ಪಂಪುಸೆಟ್ಟು ಓಡುತ್ತಿರುವಾಗ ಮಾತು ಬೇಡ, ಅದು ನಿಂತ ಮೇಲೆ ಹೇಳಿದರಾಯಿತು.

ಇನ್ನೊಂದು ಉಪಾಯವುಂಟು. ತಾಕಿನ ಒಂದು ಮೂಲೆಯಲ್ಲಿ ಗೂಟವೊಂದನ್ನು ನೆಟ್ಟು, ನಾಟಿಯ ದಿನದಿಂದ ಕೊನೆಯ ಕೊಯ್ಲಿನವರೆಗೆ, ವಾರಕ್ಕೊಮ್ಮೆ ನಿಯತವಾದ ದಿನದಂದು, ಅದೇ ಗೂಟದ ಮೇಲೆ ಮೊಬೈಲನ್ನಿರಿಸಿ ಅದೇ ದಿಕ್ಕಿನ ಚಿತ್ರವೊಂದನ್ನು ತೆಗೆಯಿರಿ. ಬೆಳೆ ಮುಗಿದಾಗ ಇವನ್ನು ಸಾಲಾಗಿ ಜೋಡಿಸಿದರೆ, ಬೋಳುನೆಲವು ಹಸುರಾಗಿ, ಹಸುರು ಕೆಂಪಾಗಿ, ಮತ್ತೆ ಒಣಗಿ ಬೋಳಾಗುವ ಸಮಗ್ರ ವೃತ್ತಾಂತವು ನಿಮಿಷದೊಳಗೆ ಕಣ್ಣ ಮುಂದೆ ಸರಿದುಹೋಗುತ್ತದೆ. ನಡುವೆ ಆಲಿಕಲ್ಲು ಬಿದ್ದರೆ ಆ ವಾರದ ಚಿತ್ರವೇ ಎಲ್ಲವನ್ನೂ ಹೇಳುತ್ತದೆ.

ನಾಲ್ಕನೆಯ ಹೆಜ್ಜೆ: ಏನನ್ನು ತೋರಿಸಬೇಕು

ಸುಮಾರು ಒಂದು ತಿಂಗಳ ಸಸಿಯನ್ನು ನಾಟಿ ಮಾಡಿದರೆ ಮೊದಲ ಕೊಯ್ಲಿಗೆ 60ರಿಂದ 70 ದಿನಗಳು ಬೇಕು. ಕೊಳ್ಳುವವನಿಗೆ ತಿಳಿಯದ ಮೊದಲ ಸಂಗತಿಯೇ ಇದು: ಇಂದಿನ ಬೆಲೆಯನ್ನು ನೋಡಿ ಇಂದು ನೆಟ್ಟವನು, ಮೂರನೆಯ ತಿಂಗಳಿನ ಬೆಲೆಗೆ ತಲೆಯೊಡ್ಡುತ್ತಾನೆ, ಎಲ್ಲರೂ ಹಾಗೆಯೇ ನೆಟ್ಟಿರುವುದರಿಂದ ಆ ತಿಂಗಳಿನ ಬೆಲೆಯು ಏನಾಗಬಹುದೆಂಬುದನ್ನು ಊಹಿಸಬಹುದು. 2023ರ ಜುಲೈ ಮತ್ತು ಸೆಪ್ಟೆಂಬರಿನ ನಡುವಣ ಅಂತರದಲ್ಲಿ ಈ ಕಾರಣದ ಪಾಲು ದೊಡ್ಡದು. ನಾಟಿಯ ದಿನದ ವೀಡಿಯೊದಲ್ಲಿ ಅಂದಿನ ಮಾರುಕಟ್ಟೆಯ ಬೆಲೆಯನ್ನು ಹೇಳಿ, ಕೊಯ್ಲಿನ ದಿನದ ವೀಡಿಯೊದಲ್ಲಿ ಅಂದಿನ ಬೆಲೆಯನ್ನು ಹೇಳಿರಿ, ವ್ಯಾಖ್ಯಾನವು ಬೇಕಾಗುವುದಿಲ್ಲ.

ಬಳಿಕ ನೀರು. ಕೋಲಾರದ ಕೊಳವೆ ಬಾವಿಗಳಲ್ಲಿ ಸಾವಿರ ಅಡಿಯನ್ನು ಮೀರಿದವು ಹಲವು. ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ಮೂಲಕ 2018ರಿಂದ ಬೆಂಗಳೂರಿನ ತ್ಯಾಜ್ಯಜಲವು ಎರಡು ಹಂತಗಳ ಶುದ್ಧೀಕರಣವನ್ನು ಹೊಂದಿ, ಅಂತರ್ಜಲದ ವೃದ್ಧಿಗಾಗಿ ಈ ಜಿಲ್ಲೆಯ ಕೆರೆಗಳನ್ನು ತುಂಬುತ್ತಿದೆ. ನೋಡುಗರು ಈ ವಿಷಯವನ್ನು ಕೇಳದೆ ಬಿಡರು. ಆಗ ಸಿಡಿಮಿಡಿಗೊಳ್ಳದೆ, ನಿಮ್ಮ ತಾಕಿಗೆ ನೀರು ಎಲ್ಲಿಂದ ಬರುತ್ತದೆ, ಬಾವಿ ಎಷ್ಟು ಆಳ, ಕರೆಂಟು ಯಾವ ಹೊತ್ತಿನಲ್ಲಿ ಬರುತ್ತದೆ ಎಂಬುದನ್ನು ತೋರಿಸಿರಿ. ನೀರಿನ ಪರೀಕ್ಷೆಯನ್ನು ಮಾಡಿಸಿದ್ದರೆ ಆ ವರದಿಯನ್ನು ತೋರಿಸಿರಿ. ಮಾಡಿಸದಿದ್ದಲ್ಲಿ ‘ಶುದ್ಧ’ ಎಂಬ ಪದವನ್ನು ಬಳಸದಿರಿ. ನಡುರಾತ್ರಿ ಕರೆಂಟು ಬಂದಾಗ ಟಾರ್ಚು ಹಿಡಿದು ವಾಲ್ವು ತಿರುಗಿಸಲು ಹೋಗುವ ಆ ಹತ್ತು ನಿಮಿಷಗಳ ನಡಿಗೆಯನ್ನು ಪಟ್ಟಣದವರು ಒಮ್ಮೆಯಾದರೂ ನೋಡಬೇಕಾದುದೇ.

ಔಷಧಿಯ ಸಿಂಪಡಣೆಯು ಎಲ್ಲಕ್ಕಿಂತ ಸಂಕೋಚದ ಸಂಗತಿ, ಹಾಗೆಂದೇ ಮರೆಮಾಡಬಾರದ ಸಂಗತಿ. ಬಿಳಿನೊಣದಿಂದ ಹರಡುವ ವೈರಸ್ ಎಳೆಯ ಗಿಡಕ್ಕೆ ತಗುಲಿ ಎಲೆಗಳು ಮುದುಡಿಕೊಂಡರೆ ಆ ಗಿಡವು ಫಲಕ್ಕೆ ಬರುವುದೇ ಕಷ್ಟ. ಕಾಯಿಕೊರಕವು ಹೊಕ್ಕ ಕಾಯಿಯನ್ನು ಯಾವ ಗ್ರಾಹಕನೂ ಕೊಳ್ಳನು. ಹುಳುವಿಲ್ಲದ, ಕಲೆಯಿಲ್ಲದ, ಒಂದೇ ಗಾತ್ರದ ಹಣ್ಣನ್ನೇ ಆರಿಸುವವನೂ, ಔಷಧಿಯನ್ನು ಹೊಡೆದಿರಾ ಎಂದು ಗದರುವವನೂ ಒಬ್ಬನೇ ಆಗಿರುವುದನ್ನು ಅವನಿಗೆ ಮೃದುವಾಗಿ ತಿಳಿಯಪಡಿಸಬಹುದು. ಡಬ್ಬದ ಮೇಲಿನ ತ್ರಿಕೋನವನ್ನು ತೋರಿಸಿ, ಕೆಂಪು ಅತ್ಯಂತ ವಿಷಕಾರಿ, ಅನಂತರ ಕ್ರಮವಾಗಿ ಹಳದಿ, ನೀಲಿ, ಹಸುರು ಎಂದು ವಿವರಿಸಿರಿ. ಸಿಂಪಡಣೆಗೂ ಕೊಯ್ಲಿಗೂ ನಡುವೆ ಕಾಯಬೇಕಾದ ದಿನಗಳೆಷ್ಟೆಂಬುದನ್ನು ಡಬ್ಬದ ಚೀಟಿಯಿಂದ ಓದಿ ಹೇಳಿರಿ. ಆ ಅವಧಿಯನ್ನು ಪಾಲಿಸಿದುದಕ್ಕೆ ನಿಮ್ಮ ನೋಟುಬುಕ್ಕಿನ ಎರಡು ತಾರೀಖುಗಳೇ ಸಾಕ್ಷಿಯಾಗಲಿ. ಮುಖಗವಸಿಲ್ಲದೆ, ಬರಿಗೈಯಿಂದ ಔಷಧಿಯನ್ನು ಕಲಸುವ ದೃಶ್ಯವು ನಿಮ್ಮ ವೀಡಿಯೊದಲ್ಲಿ ಬರುವುದಾದರೆ, ಬದಲಿಸಬೇಕಾದುದು ವೀಡಿಯೊವನ್ನಲ್ಲ.

ಇನ್ನು ಕೊಯ್ಲು. ದೂರದ ರಾಜ್ಯಗಳಿಗೆ ಹೋಗುವ ಹಣ್ಣನ್ನು ಬಣ್ಣ ತಿರುಗುವ ಹಂತದಲ್ಲಿಯೇ ಕೀಳುವುದೇಕೆಂಬುದನ್ನೂ, ಆರಿಸಿ ಬದಿಗಿಟ್ಟ ಹಣ್ಣಿನ ರಾಶಿಯು ಎಷ್ಟೆಂಬುದನ್ನೂ ತೋರಿಸಿರಿ. ಮಂಡಿಯ ಹರಾಜು ನಡೆಯುವ ರೀತಿಯು ಪಟ್ಟಣದವರಿಗೆ ಅಪೂರ್ವವಾದ ದೃಶ್ಯ. ಬಾಕ್ಸುಗಳ ಸಾಲಿನ ಮುಂದೆ ಕೂಗು ನಡೆದು, ಮೂರು ತಿಂಗಳ ದುಡಿಮೆಯ ಬೆಲೆಯು ಕೆಲವೇ ಕ್ಷಣಗಳಲ್ಲಿ ತೀರ್ಮಾನವಾಗುತ್ತದೆ. ಆದರೆ ಕಥೆಯು ಅಲ್ಲಿಗೆ ನಿಲ್ಲಬಾರದು. ಮಂಡಿಯವರು ಕೊಟ್ಟ ಲೆಕ್ಕದ ಚೀಟಿಯನ್ನು, ಹೆಸರು ಮತ್ತು ಫೋನ್ ಸಂಖ್ಯೆಗಳನ್ನು ಮುಚ್ಚಿ, ತೋರಿಸತಕ್ಕದ್ದು. ಅಂದೇ ಪಟ್ಟಣದ ಅಂಗಡಿಯಲ್ಲಿದ್ದ ಬೆಲೆಯನ್ನು ಪಕ್ಕದಲ್ಲಿ ಬರೆಯತಕ್ಕದ್ದು. ಭಾರತೀಯ ರಿಸರ್ವ್ ಬ್ಯಾಂಕು 2024ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಬಂಧವೊಂದರ ಪ್ರಕಾರ ಗ್ರಾಹಕನು ಟೊಮೆಟೊಕ್ಕೆ ಕೊಡುವ ರೂಪಾಯಿಯಲ್ಲಿ ರೈತನಿಗೆ ಸಲ್ಲುವುದು ಸುಮಾರು 33 ಪೈಸೆ, ಈರುಳ್ಳಿಯಲ್ಲಿ 36, ಆಲೂಗಡ್ಡೆಯಲ್ಲಿ 37. ಉಳಿದುದೆಲ್ಲವೂ ದಲ್ಲಾಳಿಯ ಜೇಬಿಗೆ ಹೋಯಿತೆಂದು ಕೂಗುವುದು ಸುಲಭವಾದರೂ ಸರಿಯಲ್ಲ. ಲಾರಿ, ಹಮಾಲಿ, ಕೊಳೆತು ಹೋಗುವ ಹಣ್ಣು, ಅಂಗಡಿಯ ಬಾಡಿಗೆ ಎಲ್ಲವೂ ಆ ಉಳಿದ ಪೈಸೆಗಳೊಳಗೇ ಅಡಗಿವೆ.

ಲಾಭ ಬಂದ ಬೆಳೆಯ ಲೆಕ್ಕವನ್ನೂ ಇದೇ ರೀತಿ ಹಾಕಬೇಕು. ನಷ್ಟವನ್ನು ಮಾತ್ರ ತೋರಿಸಿ ಲಾಭವನ್ನು ಮುಚ್ಚಿಡುವವನ ನಷ್ಟವನ್ನು ಮುಂದೆ ಯಾರೂ ನಂಬುವುದಿಲ್ಲ.

ಐದನೆಯ ಹೆಜ್ಜೆ: ಮಾತು

ನಿಮ್ಮ ಊರಿನ ಮಾತಿನಲ್ಲಿಯೇ ಮಾತನಾಡಿರಿ. ಆಕಾಶವಾಣಿಯ ವಾರ್ತೆಯ ಧಾಟಿಯನ್ನಾಗಲಿ ಈ ಲೇಖನದ ಧಾಟಿಯನ್ನಾಗಲಿ ಅನುಕರಿಸುವ ಅಗತ್ಯವಿಲ್ಲ. ಕೋಲಾರದ ಗಡಿಯಲ್ಲಿ ಕನ್ನಡದೊಡನೆ ತೆಲುಗು ಬೆರೆಯುವುದು ಸಹಜ. ಬೆರೆಯಲಿ, ಕೆಳಗೆ ಕನ್ನಡದ ಅಕ್ಷರಗಳಲ್ಲಿ ಸಾರಾಂಶವಿದ್ದರೆ ಸಾಕು. ಪ್ರತಿಯೊಂದರ ಜೊತೆಗೂ ತಾರೀಖು, ತಾಲ್ಲೂಕು, ತಳಿಯ ಹೆಸರು, ನಾಟಿಯಾಗಿ ಎಷ್ಟನೆಯ ದಿನ ಎಂಬ ನಾಲ್ಕು ವಿವರಗಳು ಇರಲೇಬೇಕು. ತಾರೀಖಿಲ್ಲದ ವೀಡಿಯೊವನ್ನು ಎರಡು ವರ್ಷಗಳ ಬಳಿಕ ಇನ್ನಾರೋ ‘ಇಂದಿನ ಸುದ್ದಿ’ಯೆಂದು ಹಂಚುತ್ತಾರೆ.

ಒಂದು ನಿಷೇಧವನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ‘ನಾನು ಹೀಗೆ ಮಾಡಿದೆ’ ಎನ್ನುವುದು ಸಾಕ್ಷ್ಯ. ‘ನೀವೂ ಹೀಗೆಯೇ ಮಾಡಿರಿ’ ಎನ್ನುವುದು ಸಲಹೆ. ಮಣ್ಣು, ನೀರು, ತಳಿ ಬೇರೆಯಾದಲ್ಲಿ ಒಬ್ಬನ ಔಷಧಿಯ ಪ್ರಮಾಣವು ಇನ್ನೊಬ್ಬನ ಬೆಳೆಯನ್ನು ಸುಡಬಹುದಾದುದರಿಂದ, ಪ್ರಮಾಣವನ್ನು ಕೇಳುವವರನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ, ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ, ಇಲ್ಲವೇ ಕನ್ನಡದಲ್ಲಿಯೂ ಉತ್ತರಿಸುವ ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೆ ಕಳುಹಿಸಿಕೊಡುವುದು ಕ್ಷೇಮ.

ಆರನೆಯ ಹೆಜ್ಜೆ: ನಿಂದೆಗೂ ಪ್ರಶ್ನೆಗೂ ಉತ್ತರ

2015ರ ಮೊದಲ ದಿನದಿಂದ ಕೆನಡಾದ ಆಂಟಾರಿಯೊ ಪ್ರಾಂತದ ಹೈನುಗಾರ ಆಂಡ್ರ್ಯೂ ಕ್ಯಾಂಪ್‌ಬೆಲ್ಲರು ‘ಫಾರ್ಮ್365’ ಎಂಬ ಹ್ಯಾಷ್‌ಟ್ಯಾಗಿನಡಿ ತಮ್ಮ ಹೊಲಹಟ್ಟಿಗಳ ಚಿತ್ರವೊಂದನ್ನು ದಿನಂಪ್ರತಿ ಟ್ವಿಟರಿನಲ್ಲಿ ಹಾಕುವೆನೆಂದು ಹೊರಟರು. ಕೆಲವೇ ದಿನಗಳಲ್ಲಿ ಪಶುಪಾಲನೆಯನ್ನೇ ವಿರೋಧಿಸುವವರು ಅದೇ ಹ್ಯಾಷ್‌ಟ್ಯಾಗನ್ನು ಬಳಸಿ ತಮ್ಮ ಆಕ್ಷೇಪಣೆಗಳಿಂದ ಅದನ್ನು ತುಂಬಿಬಿಟ್ಟರು. ಆದರೂ ಕ್ಯಾಂಪ್‌ಬೆಲ್ಲರು ಚಿತ್ರಗಳನ್ನು ನಿಲ್ಲಿಸಲಿಲ್ಲ; ಬೇರೆ ರೈತರೂ ಅದೇ ಹೆಸರಿನಲ್ಲಿ ತಮ್ಮ ಚಿತ್ರಗಳನ್ನು ಹಾಕತೊಡಗಿದರು. ತೆರೆದ ಬಾಗಿಲಿನ ಮನೆಗೆ ಅತಿಥಿಯೂ ಬರುವನು, ಜಗಳಗಂಟನೂ ಬರುವನು ಎಂಬುದನ್ನು ಮೊದಲೇ ತಿಳಿದಿರಬೇಕು.

ಪ್ರಶ್ನಿಸುವವರಲ್ಲಿ ಮೂರು ಬಗೆಯವರುಂಟು. ತಿಳಿಯದೆ ಕೇಳುವವನಿಗೆ ಅಂದೇ ಉತ್ತರಿಸಿರಿ. ಸಿಟ್ಟಿನಿಂದ ಕೇಳಿದರೂ ಪ್ರಶ್ನೆಯಲ್ಲಿ ಹುರುಳಿದ್ದರೆ ಅದಕ್ಕೆ ಪ್ರತ್ಯೇಕ ವೀಡಿಯೊದಲ್ಲಿಯೇ ಉತ್ತರ ಕೊಡಿರಿ, ಅಂತಹವೇ ಹೆಚ್ಚು ಜನರಿಗೆ ಪ್ರಯೋಜನವಾಗುವುವು. ಬರೀ ಬೈಯುವವನಿಗೆ ಉತ್ತರವಿಲ್ಲ. ಬ್ಲಾಕ್ ಮಾಡುವ ಗುಂಡಿಯು ಇರುವುದೇ ಅದಕ್ಕಾಗಿ. ಹಗಲೆಲ್ಲ ದುಡಿದು ಬಂದವರು ರಾತ್ರಿ ಊಟವಾದ ಮೇಲೆ ಅರ್ಧ ಗಂಟೆಗಿಂತ ಹೆಚ್ಚು ಕಾಲವನ್ನು ಇದಕ್ಕೆ ಕೊಡಬೇಕಾಗಿಲ್ಲ.

ಏಳನೆಯ ಹೆಜ್ಜೆ: ಎಚ್ಚರಿಕೆಗಳು

ಬೆಲೆಯು ಏರಿದ್ದ ಅದೇ 2023ರ ಜುಲೈನಲ್ಲಿ ಹೊಲದಿಂದಲೇ ಟೊಮೆಟೊ ಕಳುವಾದ ಪ್ರಸಂಗಗಳು ವರದಿಯಾದವು. ಆದುದರಿಂದ ಹಣ್ಣಾಗಿ ನಿಂತ ಬೆಳೆಯ ವೀಡಿಯೊವನ್ನು ಕೊಯ್ಲಾದ ಮೇಲೆಯೇ ಹಾಕುವುದು ವಿವೇಕ. ಪಂಪುಸೆಟ್ಟಿನ ಕೇಬಲ್ಲು, ಸ್ಟಾರ್ಟರು, ಮನೆಯ ಹಿಂಬಾಗಿಲು ಇವು ಚಿತ್ರದಲ್ಲಿ ಕಾಣದಿರಲಿ. ಮೊಬೈಲಿನ ಕ್ಯಾಮೆರಾದಲ್ಲಿ ಸ್ಥಳವನ್ನು ದಾಖಲಿಸುವ ವ್ಯವಸ್ಥೆಯನ್ನು ನಿಲ್ಲಿಸಿಡಿರಿ.

ಕೂಲಿಗೆ ಬಂದ ಹೆಂಗಸರನ್ನು ಕೇಳದೆ ಚಿತ್ರಿಸಬಾರದು. ದುಡ್ಡು ಕೊಡುವ ಧಣಿಯು ಕೇಳಿದಾಗ ಬೇಡವೆನ್ನಲು ಅವರಿಗೆ ಸಂಕೋಚವಿರುವುದರಿಂದ, ಮನೆಯ ಹೆಂಗಸರ ಮೂಲಕ ಕೇಳಿಸುವುದು ಒಳ್ಳೆಯದು. ತೆಗೆದುದನ್ನು ಮೊದಲು ಅವರಿಗೇ ತೋರಿಸಿರಿ. ನೆರೆಯವನ ಒಣಗಿದ ಹೊಲವನ್ನು ನಿಮ್ಮ ವಾದಕ್ಕೆ ಸಾಕ್ಷಿಯಾಗಿ ಬಳಸಿಕೊಳ್ಳುವುದೂ ಸಲ್ಲದು.

ನೋಡುಗರ ಸಂಖ್ಯೆಯು ಬೆಳೆದಂತೆ ಬೀಜ, ಗೊಬ್ಬರ, ಔಷಧಿಗಳ ಕಂಪೆನಿಯವರು ಬಾಗಿಲಿಗೆ ಬರುವರು. ಹಣವನ್ನಾಗಲಿ ಪುಕ್ಕಟೆ ಸಾಮಾನನ್ನಾಗಲಿ ಪಡೆದು ಮಾತನಾಡಿದರೆ, ಇದು ಜಾಹೀರಾತೆಂದು ವೀಡಿಯೊದಲ್ಲಿಯೇ ಸ್ಪಷ್ಟವಾಗಿ ಸೂಚಿಸಬೇಕೆಂದು ಭಾರತೀಯ ಜಾಹೀರಾತು ಗುಣಮಟ್ಟ ಮಂಡಳಿಯು 2021ರಲ್ಲಿಯೂ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು 2023ರಲ್ಲಿಯೂ ಮಾರ್ಗಸೂಚಿಗಳನ್ನು ಹೊರಡಿಸಿವೆ. ನನ್ನನ್ನು ಕೇಳಿದರೆ, ಬೆಳೆಯ ಲೆಕ್ಕವನ್ನು ಹೇಳುವ ಚಾನೆಲಿನಲ್ಲಿ ಔಷಧಿಯ ಜಾಹೀರಾತಿಗೆ ಎಡೆಯಿಲ್ಲದಿರುವುದೇ ಲೇಸು. ಒಮ್ಮೆ ಹೊಕ್ಕರೆ ಪುಸ್ತಕದ ಔಷಧಿಯ ಸಾಲನ್ನು ಯಾರೂ ನಂಬರು.

ಎಂಟನೆಯ ಹೆಜ್ಜೆ: ಕೂಡಿ ನಡೆಸುವುದು

ಒಬ್ಬನೇ ಇದೆಲ್ಲವನ್ನೂ ಮಾಡಿದರೆ ಎರಡನೆಯ ಕಳೆ ಕೀಳುವ ಹೊತ್ತಿಗೆ ದಣಿದು ಬಿಟ್ಟುಬಿಡುತ್ತಾನೆ. ಒಂದೇ ಹೋಬಳಿಯ ನಾಲ್ಕೈದು ಮಂದಿ, ಒಬ್ಬರು ಟೊಮೆಟೊ, ಒಬ್ಬರು ರಾಗಿ, ಒಬ್ಬರು ರೇಷ್ಮೆ, ಒಬ್ಬರು ಹೈನು ಎಂಬಂತೆ, ಒಂದೇ ಚಾನೆಲನ್ನು ಸರದಿಯಂತೆ ನಡೆಸಿದರೆ ವಾರಕ್ಕೊಂದು ವೀಡಿಯೊ ತಪ್ಪದೆ ಹೊರಬರುವುದು. ಒಬ್ಬೊಬ್ಬರ ಪಾಲಿಗೆ ತಿಂಗಳಿಗೊಂದೇ ಬೀಳುವುದು. ಸಂಕಲನವನ್ನು ಮನೆಯ ಕಾಲೇಜು ಹುಡುಗನೋ ಹುಡುಗಿಯೋ ಮಾಡಲಿ, ಆದರೆ ಏನು ಹೋಗಬೇಕು, ಏನು ಬಿಡಬೇಕು ಎಂಬ ತೀರ್ಮಾನವು ಬೆಳೆದವರದೇ ಆಗಿರಲಿ. ಹುಡುಗರಿಗೆ ಹಾಡು ಸೇರಿಸುವ ಚಪಲವು ಬಹಳ.

ಕೂಡುವ ಮುನ್ನ ಒಂದು ಹಾಳೆಯಲ್ಲಿ ಕೆಲವು ಮಾತುಗಳನ್ನು ಬರೆದು ಎಲ್ಲರೂ ರುಜು ಹಾಕುವುದು ಒಳಿತು: ಚಾನೆಲಿನಿಂದ ಹಣ ಬಂದರೆ ಹಂಚಿಕೆ ಹೇಗೆ, ಒಬ್ಬರು ಬಿಟ್ಟುಹೋದರೆ ಅವರ ವೀಡಿಯೊಗಳು ಯಾರಿಗೆ, ಚುನಾವಣೆಯ ಕಾಲದಲ್ಲಿ ಪಕ್ಷಗಳ ಮಾತಿಗೆ ಅವಕಾಶವುಂಟೇ ಇಲ್ಲವೇ. ಮೂಲ ವೀಡಿಯೊಗಳನ್ನು ಮೊಬೈಲಿನಲ್ಲಿಯೇ ಬಿಡದೆ ಪ್ರತಿ ಬೆಳೆಯ ಕೊನೆಗೆ ಹಾರ್ಡ್ ಡಿಸ್ಕೊಂದಕ್ಕೆ ನಕಲು ಮಾಡಿ, ಅದರ ಮೇಲೆ ಬೆಳೆಯ ಹೆಸರನ್ನೂ ವರ್ಷವನ್ನೂ ಬರೆದು, ಲೆಕ್ಕದ ಪುಸ್ತಕದೊಡನೆ ಒಂದೇ ಪೆಟ್ಟಿಗೆಯಲ್ಲಿರಿಸಿರಿ. ಚಾನೆಲಿನ ಪಾಸ್‌ವರ್ಡು ಇಬ್ಬರಿಗೆ ತಿಳಿದಿರಲಿ, ಆ ಇಬ್ಬರೂ ಒಂದೇ ಮನೆಯವರಾಗದಿರಲಿ.